ಎಡಗಣ್ಣಿನ ಕರುಣೆ

ಹರಿಹರದಲ್ಲಿ ನನ್ನ ಹೆಂಡತಿಯ ತವರುಮನೆ ಇರುವ ಓಣಿಯ ಬಾಯಿಗೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಅದರಲ್ಲಿ ಅವಳ ದೊಡ್ಡಪ್ಪ, ಅಂದರೆ ನನಗೆ ದೊಡ್ಡಮಾವ, ಮಡಿಚಿದ ಬಿಳಿ ಕರ್ಚೀಫನ್ನು ಎಡಗಣ್ಣಿನ ಕೆಳಗೆ ಒತ್ತಿ ಹಿಡಿದು ನಿಂತಿದ್ದಾರೆ. ತಲೆಯ ಮೇಲೆ ಕೆಂಪಕ್ಷರದಲ್ಲಿ ‘ಕರುಣಾಮಯಿ’ ಎಂದು ಬರೆಸಿದ್ದಾರೆ. ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ಊಟಕ್ಕೆ ಹೋದ ದಿನ ನಾನು ಬೈಕು ನಿಲ್ಲಿಸಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆದರೂ ಓದಲು ಬರುತ್ತದೆ, ಸುಳ್ಳು ಕಂಡರೆ ಗುರುತು ಹತ್ತುತ್ತದೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಅದನ್ನು ಓಣಿಯವರೆಲ್ಲ ಸೇರಿ ಆಡಿಯಾಗಿದೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ದೊಡ್ಡಮಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಕೂತು, ಕೂತಲ್ಲೇ ನಿವೃತ್ತಿಯಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಆ ಕರ್ಚೀಫು. ಎಲ್ಲಿಗೆ ಹೋದರೂ ಕುರ್ಚಿಯನ್ನು ಮೊದಲು ಕರ್ಚೀಫಿನಿಂದ ಝಾಡಿಸಿ, ಅದನ್ನೇ ಒಳಮಗ್ಗಲು ಮಡಿಚಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ಎಡಗಣ್ಣಿನಲ್ಲಿ ಸದಾ ನೀರು. ಮದುವೆಗೆ ಹೋದರೂ ನೀರು, ಮಣ್ಣಿಗೆ ಹೋದರೂ ನೀರು. ಹೆಣ್ಣು ನೋಡಲು ಬಂದವರ ಮುಂದೆ, ಪಾಸಾದ ಹುಡುಗನ ಮುಂದೆ, ಆಸ್ಪತ್ರೆಯಲ್ಲಿ ಮಲಗಿದವರ ಮುಂದೆ, ಒಂದೇ ಸಮನೆ ಆ ಒಂದು ಕಣ್ಣು ತುಂಬಿಕೊಂಡು ಬಂದು ಕೆನ್ನೆಗಿಳಿಯುತ್ತಿತ್ತು. ಜನ ಅದನ್ನು ನೋಡಿ ಕರಗುತ್ತಿದ್ದರು.

“ನನ್ನ ಕರುಳು ತಡ್ಯಂಗಿಲ್ಲವ್ವಾ” ಎನ್ನುವುದು ಅವರ ಮಾತು. ಈ ಮಾತಿಗೆ ಎಷ್ಟು ಮನೆಯ ಚಹಾ, ಎಷ್ಟು ಮನೆಯ ಉಪ್ಪಿಟ್ಟು ಕರಗಿಹೋದವೋ ಲೆಕ್ಕ ಇಟ್ಟವರಿಲ್ಲ. ಪಕ್ಕದ ಮನೆಯವರ ಮಗ ಬೈಕಿನಿಂದ ಬಿದ್ದು ಆಪರೇಷನ್ ಆಗುವಾಗ ರಕ್ತ ಬೇಕೆಂದರು. ದೊಡ್ಡಮಾವನ ರಕ್ತದ ಗುಂಪೂ ಹುಡುಗನ ಗುಂಪೂ ಒಂದೇ ಎಂದು ಯಾರೋ ನೆನಪಿಸಿದರು. ಆಗ ಅವರು ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟು ಒರೆಸಿಕೊಂಡರೆಂದರೆ, ಹುಡುಗನ ತಾಯಿಯೇ ತನ್ನ ಅಳು ನಿಲ್ಲಿಸಿ ಇವರಿಗೆ ಸಮಾಧಾನ ಹೇಳಿ, “ನೀವು ಮನಿಗೆ ಹೋಗ್ರಿ ಯಜಮಾನ್ರೇ, ನಿಮ್ಮ ಕೈಲಿ ಇದನ್ನ ನೋಡಾಕಾಗಲ್ಲ” ಎಂದು ಆಟೋ ಹತ್ತಿಸಿದಳು. ರಕ್ತ ಕೊಟ್ಟವನು ನಾನು. ನನ್ನ ಕಣ್ಣು ಒಣಗಿತ್ತು, ಹಾಗಾಗಿ ಅದು ಯಾರಿಗೂ ನೆನಪಿಲ್ಲ.

ನನ್ನದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಬೇರೆಯವರ ಭಟ್ಟಿಯಲ್ಲಿ ಕಾದ ಮರಳಿನ ಬಾಣಲೆಯ ಮುಂದೆ ನಿಂತು ಅಕ್ಕಿ ಹುರಿದು, ಆಮೇಲೆ ಸ್ವಂತ ಭಟ್ಟಿ ಹಾಕಿದೆ. ಒಂದು ಮುಂಗಾರಿನ ಗಾಳಿಗೆ ಅದರ ತಗಡೆಲ್ಲ ಹಾರಿಹೋಯಿತು. ದೊಡ್ಡಮಾವ ಮರುದಿನವೇ ಬಂದರು. ಬಾಗಿಲಲ್ಲಿ ನಿಂತು ಎಡಗಣ್ಣು ಒರೆಸಿಕೊಂಡರು. ನಾನು ಏಣಿಯ ಮೇಲಿದ್ದೆ. “ಮಾವಾರೇ, ಆ ತಗಡಿನ ತುದಿ ಸ್ವಲ್ಪ ಹಿಡ್ಕಳ್ರಿ” ಎಂದೆ.

“ನನ್ನ ಕೈ ನಡುಗ್ತಾವಪ್ಪಾ ನಿನ್ನ ಸ್ಥಿತಿ ನೋಡಿ” ಎಂದರು. ನಡುಗುವ ಕೈಯಿಂದಲೇ ಚೀಲದಿಂದ ಮಂಡಕ್ಕಿ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯಾಗಿದೆ ಎಂದು ಹೇಳಿ ಹೋದರು. ಸಂಜೆ ತವರಿಗೆ ಹೋಗಿದ್ದ ಹೆಂಡತಿಯ ಫೋನು ಬಂತು: “ದೊಡ್ಡಪ್ಪ ಭಟ್ಟಿ ನೋಡಿ ಅತ್ತರಂತೆ. ನೀವು ಒಂದು ಗ್ಲಾಸು ನೀರು ಸೈತ ಕೊಡ್ಲಿಲ್ಲಂತೆ.”

ಇಲ್ಲಿಯವರೆಗೆ ನಾನು ಅವರನ್ನು ಒಬ್ಬ ಮೈಗಳ್ಳ ಎಂದು ಮಾತ್ರ ತಿಳಿದಿದ್ದೆ. ಅಂಥವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ನನಗೆ ಅವರ ಮೇಲೆ ನಿಜವಾಗಿ ಹೇಸಿಗೆ ಹುಟ್ಟಿದ್ದು ಮಗಳು ಹುಟ್ಟಿದ ಮೇಲೆ.

ಬಾಣಂತನಕ್ಕೆ ಹೆಂಡತಿ ಹರಿಹರದ ತವರಿನಲ್ಲಿದ್ದಳು. ಅವಳ ತಂದೆ ಇಲ್ಲ. ಮನೆಗೆ ದೊಡ್ಡಪ್ಪನೇ ಹಿರಿಯ. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ, ಎಡಗಣ್ಣಿನಲ್ಲಿ ತೇವ ಕಾಣಿಸಿಕೊಂಡಿತು. ಅಳದಿದ್ದರೂ ನೀರು. ನಿದ್ದೆಯಿಂದೆದ್ದರೆ ಗೀಜು ಕಟ್ಟಿ ರೆಪ್ಪೆಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ನಮ್ಮತ್ತೆ ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ನೆನೆಸಿ ಬಿಡಿಸುತ್ತಿದ್ದರು. ಆಮೇಲೆ ಎದೆಹಾಲಿನ ಎರಡು ಹನಿ, ಅದರ ಮೇಲೆ ಕಾಡಿಗೆ. ಮರುದಿನ ಮತ್ತೆ ಗೀಜು.

ನಾನು ಆಸ್ಪತ್ರೆಗೆ ತೋರಿಸೋಣ ಎಂದೆ. ಅತ್ತೆ ದೊಡ್ಡಮಾವನ ಮುಖ ನೋಡಿದರು. ಅವರು ಕೂಸಿನ ತೊಟ್ಟಿಲಿನ ಮೇಲೆ ಬಗ್ಗಿ ನೋಡಿದರು, ಮುಖ ಅರಳಿತು.

“ಇದು ರೋಗ ಅಲ್ಲವ್ವಾ. ಎಡಗಣ್ಣು ನೋಡು. ನಂದೂ ಎಡಗಣ್ಣೇ. ನಮ್ಮ ಮನೆತನದ ಕಣ್ಣು ಇದು. ಕೂಸು ಕರುಣೆ ಹೊತ್ಕಂಡು ಹುಟ್ಟೈತೆ.”

“ಇಷ್ಟು ಸಣ್ಣ ಕೂಸಿಗೆ ಯಾರ ಮ್ಯಾಲ್ರೀ ಕರುಣೆ?” ಎಂದೆ.

“ಭಟ್ಟಿ ಕೆಲಸದೋರಿಗೆ ಇವೆಲ್ಲ ತಿಳಿಯಂಗಿಲ್ಲ ಅಳಿಯಂದ್ರೇ. ಕಣ್ಣಿಗೆ ಡಾಕ್ಟ್ರ ಕೈ ಹಾಕಿಸ್ಬಾರ್ದು. ಬ್ಯಾಡ.”

ಮುಂದಿನ ವಾರ ಹೋದಾಗ ಗೀಜು ಹಳದಿಯಾಗಿತ್ತು, ರೆಪ್ಪೆ ಕೆಂಪಗಾಗಿತ್ತು. ಆಗ ಕರುಣೆಯ ಮಾತಿಲ್ಲ. ದೊಡ್ಡಮಾವ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದರು: “ಹೊಗಿ. ಭಟ್ಟಿ ಹೊಗಿ. ಅಪ್ಪ ಮೈತುಂಬ ಹೊಗಿ ಹೊತ್ಕಂಡು ಬಂದು ಎತ್ತಾಡ್ಸಿದ್ರೆ ಕೂಸಿನ ಕಣ್ಣು ಏನಾಗ್ಬೇಕು ಹೇಳ್ರಿ?”

ಚೆಂದದ ನ್ಯಾಯ. ಒಳ್ಳೆಯದಾದರೆ ಅವರ ಮನೆತನದ್ದು, ಕೆಟ್ಟರೆ ನನ್ನ ಭಟ್ಟಿಯದು. ಅವತ್ತಿನಿಂದ ಕೂಸನ್ನು ನನ್ನ ಕೈಗೆ ಕೊಡುವುದು ನಿಂತಿತು. ನಾನು ಮೈ ತೊಳೆದು, ತಲೆ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೋದರೂ ಅಷ್ಟೇ. ಅತ್ತೆ ಕೂಸನ್ನು ಎತ್ತಿ ಬಾಗಿಲಿನ ಆಚೆಯಿಂದ ತೋರಿಸುವರು, ನಾನು ಪಡಸಾಲೆಯಲ್ಲಿ ಕೂತು ನೋಡುವುದು. ಹೊಟ್ಟೆಗೆ ಅನ್ನ ಹಾಕುವ ಕೆಲಸ ನನಗೆ ಯಾವತ್ತೂ ನಾಚಿಕೆ ತಂದಿರಲಿಲ್ಲ. ಆ ಮನೆಯಲ್ಲಿ ಮಾತ್ರ ನನ್ನ ಅಂಗಿಯನ್ನು ನಾನೇ ಮೂಸಿ ನೋಡಿಕೊಳ್ಳುವಂತಾಯಿತು. ಇದಕ್ಕಾಗಿ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಲಸಿಕೆ ಹಾಕಿಸುವ ನೆಪ ಹೇಳಿ, ಹೆಂಡತಿಯನ್ನೂ ಕೂಸನ್ನೂ ಅತ್ತೆಯನ್ನೂ ದಾವಣಗೆರೆಗೆ ಕರೆತಂದು, ವಿದ್ಯಾನಗರದ ಕಡೆ ಒಬ್ಬ ಕಣ್ಣಿನ ಡಾಕ್ಟರಮ್ಮನಿಗೆ ತೋರಿಸಿದೆ. ಆಕೆ ಕೂಸಿನ ಕಣ್ಣಿನ ಒಳಮೂಲೆಗೂ ಮೂಗಿಗೂ ನಡುವೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಒತ್ತಿದ ಕೂಡಲೇ ಮೂಲೆಯಿಂದ ನೀರು ಉಕ್ಕಿ ಕೆನ್ನೆಗಿಳಿಯಿತು. ಕೂಸು ಮಾತ್ರ ಅಳುತ್ತಿರಲಿಲ್ಲ, ದೀಪ ನೋಡುತ್ತಿತ್ತು.

“ನೋಡಿದ್ರಾ? ಕಣ್ಣೀರು ಮೂಗಿನೊಳಕ್ಕೆ ಇಳಿಯೋಕೆ ಒಂದು ಸಣ್ಣ ನಾಳ ಇರುತ್ತೆ. ಇವಳಿಗೆ ಅದರ ಕೆಳಗಿನ ಬಾಯಿ ಇನ್ನೂ ತೆರೆದಿಲ್ಲ, ತೆಳು ಪೊರೆ ಅಡ್ಡ ಇದೆ. ನೀರು ಅಲ್ಲೇ ನಿಂತು ವಾಪಸ್ ಬರ್ತಿದೆ. ತುಂಬಾ ಮಕ್ಕಳಿಗೆ ಇರುತ್ತೆ, ಹೆಚ್ಚಿನವರಿಗೆ ವರ್ಷದೊಳಗೆ ತಾನೇ ತೆರ್ಕೊಳ್ಳುತ್ತೆ” ಎಂದರು ಡಾಕ್ಟರಮ್ಮ.

“ನನ್ನ ಭಟ್ಟಿ ಹೊಗೆಯಿಂದ ಆಗಿದ್ದೇನ್ರಿ ಮೇಡಂ?” ಎಂದು ಕೇಳಿದೆ. ಅತ್ತೆ ಕೇಳಿಸಿಕೊಳ್ಳಲಿ ಎಂದು ತುಸು ಗಟ್ಟಿಯಾಗಿಯೇ ಕೇಳಿದೆ.

“ಅಲ್ಲ ಅಲ್ಲ, ಹುಟ್ಟುತ್ತಲೇ ಬಂದಿದ್ದು. ಹೊಗೆ ಕೂಸಿಗೆ ಒಳ್ಳೇದಲ್ಲ, ಅದು ಬೇರೆ ಮಾತು. ಸ್ನಾನ ಮಾಡಿ, ಬಟ್ಟೆ ಬದಲಿಸಿ ಎತ್ಕೊಳ್ಳಿ. ಎತ್ಕೊಳ್ಳಲೇಬೇಕು, ಅಪ್ಪ ಅಲ್ವಾ?”

ಕಾಡಿಗೆ ಬೇಡ, ಎದೆಹಾಲು ಬೇಡ ಎಂದರು. ಹಳದಿ ಗೀಜಿಗೆ ಹನಿ ಔಷಧ ಬರೆದರು. ಉಗುರು ಕತ್ತರಿಸಿ, ಕೈ ತೊಳೆದು, ಕಣ್ಣಿನ ಮೂಲೆಯಿಂದ ಮೂಗಿನ ಪಕ್ಕದಲ್ಲಿ ಕೆಳಮುಖವಾಗಿ ಒತ್ತಿ ನೀವುವುದನ್ನು ಹೆಂಡತಿಗೂ ನನಗೂ ಕೈಹಿಡಿದು ಕಲಿಸಿದರು. ದಿನವೂ ಬಿಡದೆ ಮಾಡಬೇಕು. ಮೂಗಿನ ಪಕ್ಕ ಕೆಂಪಗೆ ಊದಿಕೊಂಡರೆ, ಜ್ವರ ಬಂದರೆ, ಹೊತ್ತು ನೋಡದೆ ಓಡಿ ಬರಬೇಕು. ವರ್ಷವಾದರೂ ತೆರೆಯದಿದ್ದರೆ ಕೂಸಿಗೆ ನಿದ್ದೆ ಬರಿಸಿ ಸಣ್ಣ ಕಡ್ಡಿಯಂಥದ್ದನ್ನು ಹಾಯಿಸಿ ಪೊರೆ ಬಿಡಿಸುತ್ತೇವೆ, ಹೆದರುವುದೇನಿಲ್ಲ ಎಂದರು.

ಮರಳಿನ ಬಿಸಿಗೆ ನನ್ನ ಬೆರಳುಗಳೆಲ್ಲ ದಡ್ಡುಗಟ್ಟಿವೆ. ಕಿರುಬೆರಳು ಮಾತ್ರ ಮೆತ್ತಗಿದೆ, ಅದಕ್ಕೆ ಸೌಟಿನ ಕೆಲಸವಿಲ್ಲ. ಅದರಿಂದಲೇ ಕಲಿತೆ. ನನ್ನ ಕೈಗೆ ಮಗಳು ಮತ್ತೆ ಬಂದದ್ದು ಹಾಗೆ.

ಆದರೆ ನಾನು ಹರಿಹರದಲ್ಲಿರುವುದು ವಾರಕ್ಕೆ ಒಂದೋ ಎರಡೋ ದಿನ. ಉಳಿದ ದಿನ ಅಲ್ಲಿ ದೊಡ್ಡಮಾವನ ರಾಜ್ಯ. ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿಟ್ಟಳೋ ಇಲ್ಲವೋ, ಅವರು ಒಳಗೆ ಬರುವರು. “ಹಿಚುಕಬ್ಯಾಡೇ, ಹೆತ್ತ ಕರುಳೇನೇ ನಿಂದು? ನನ್ನ ಕೈಲಿ ನೋಡಾಕಾಗಲ್ಲ!” ಒಂದು ಕಣ್ಣಿನಿಂದ ಧಾರಾಕಾರ. ಹೆಂಡತಿ ಕೈ ತೆಗೆಯುವಳು. ಕೊನೆಕೊನೆಗೆ ಮಾಡಿದೆ ಎಂದು ನನಗೆ ಫೋನಿನಲ್ಲಿ ಹೇಳಿ, ಮಾಡದೆ ಬಿಡುತ್ತಿದ್ದಳು. ಒಂದು ಕೂಸಿನ ಕಣ್ಣು ಸರಿಯಾಗಬಾರದು ಎಂದು ಹಟ ಹಿಡಿದ ಮುದುಕನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಾಣಂತನ ಮುಗಿದರೂ ಹೊಗೆಯ ನೆಪ ಹೇಳಿ ಅವರು ತಾಯಿಮಗಳನ್ನು ದಾವಣಗೆರೆಗೆ ಕಳಿಸಲಿಲ್ಲ. ವರ್ಷ ತುಂಬಿತು, ನೀರು ನಿಲ್ಲಲಿಲ್ಲ. ದಿನಾ ಒತ್ತಿದ್ದರೂ ಕೆಲವು ಮಕ್ಕಳಿಗೆ ತೆರೆಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೇಳಲಿ. ನಾನು ದೂರುವವರನ್ನೇ ದೂರುತ್ತೇನೆ.

ಕಡ್ಡಿ ಹಾಯಿಸಲು ದಿನ ಗೊತ್ತಾಯಿತು. ಕರೆದೊಯ್ಯಲು ಆಟೋ ತಂದು ನಿಲ್ಲಿಸಿದರೆ ಹರಿಹರದ ಮನೆಯ ಪಡಸಾಲೆಯ ತುಂಬ ಓಣಿಯ ಹೆಂಗಸರು. ನಡುವೆ ಕುರ್ಚಿಯಲ್ಲಿ ದೊಡ್ಡಮಾವ.

“ಕೂಸಿನ ಕಣ್ಣಾಗ ತಂತಿ ಇಕ್ಕಿಸ್ತಾನಂತೆ, ನೋಡ್ರವ್ವಾ” ಎನ್ನುತ್ತಿದ್ದರು. “ಕುಲ್ಡಿ ಆದ್ಮ್ಯಾಲೆ ಯಾರು ಲಗ್ನ ಆಗ್ತಾರ? ನಾನು ಹೇಳಿದ್ದು ಯಾರು ಕೇಳ್ತಾರ? ನನ್ನ ಕರುಳು ತಡ್ಯಂಗಿಲ್ಲ.”

ಹೆಂಗಸರು ಲೊಚಗುಟ್ಟಿದರು. ಒಬ್ಬಾಕೆ ನನಗೆ ಕೇಳುವಂತೆಯೇ, “ಮಂಡಕ್ಕಿ ಹುರ್ದಂಗೇನು ಇದು?” ಎಂದಳು. ಹೆಂಡತಿ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದ್ದಳು. “ಇವತ್ತು ಬ್ಯಾಡ ಬಿಡ್ರಿ” ಎಂದಳು ನನ್ನನ್ನು ನೋಡದೆ.

ಅವತ್ತು ಬಿಟ್ಟರೆ ಮತ್ತೆ ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಿತ್ತು. ಆದರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವರ ಮುಂದೆ ನೆಲದ ಮೇಲೆ ಕೂತೆ.

“ಮಾವಾರೇ, ನಿಮ್ಮ ಕಣ್ಣಾಗ ನೀರು ಯಾವಾಗಿಂದ ಬರ್ತೈತ್ರಿ?”

“ಹುಟ್ಟಿದಾಗಿಂದ” ಎಂದರು ಎದೆಯುಬ್ಬಿಸಿ. “ನಮ್ಮವ್ವ ಹೇಳ್ತಿದ್ಳು, ತೊಟ್ಲಾಗಿದ್ದಾಗ್ಲೇ ಅಂತ.”

“ಯಾವ ಕಣ್ಣಾಗ್ರಿ?”

“ಎಡಗಣ್ಣಾಗ. ಊರಿಗೇ ಗೊತ್ತೈತೆ.”

“ಬಲಗಣ್ಣಾಗ ಯಾಕ ಬರಂಗಿಲ್ರಿ? ಬಲಗಡೆ ಕರುಣೆ ಇಲ್ಲೇನ್ರಿ?”

ಮೊದಲು ನಕ್ಕವಳು ನನ್ನ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಿಲ್ಲ, ಕೂಸು ಎದೆಯ ಮೇಲೆ ಕುಲುಕಾಡುವಷ್ಟು ನಕ್ಕಳು. ಮಂಡಕ್ಕಿ ಎಂದವಳೂ ನಕ್ಕಳು. ಅತ್ತೆ ನಗು ಮುಚ್ಚಿಕೊಳ್ಳಲು ಅಡುಗೆಮನೆಗೆ ಹೋದರು. ದೊಡ್ಡಮಾವ ಕರ್ಚೀಫನ್ನು ಎಡಗಣ್ಣಿನಿಂದ ತೆಗೆದು ಬಲಗಣ್ಣಿಗೆ ಒತ್ತಿಕೊಂಡರು. ಅದು ಒಣಗಿಯೇ ವಾಪಸು ಬಂತು. ಹೆಂಡತಿ ಎದ್ದು, ಕೂಸನ್ನು ಶಾಲಿನಲ್ಲಿ ಸುತ್ತಿ, “ನಡೀರಿ” ಎಂದಳು.

ಕಡ್ಡಿ ಹಾಯಿಸಿದ್ದು ಸ್ವಲ್ಪ ಹೊತ್ತಿನ ಕೆಲಸ. ಕೆಲವೇ ದಿನಗಳಲ್ಲಿ ಆ ಕಣ್ಣು ಇನ್ನೊಂದರ ಹಾಗೆಯೇ ಆಯಿತು. ದೊಡ್ಡಮಾವ ನೋಡಲು ಬಂದರು. ಕೂಸಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿ, “ಒಣಗ್ಹೋತಲ್ಲವ್ವಾ, ಕರುಣೆ ಒಣಗ್ಹೋತು” ಎಂದರು. ನಾನು ಚಹಾ ಕೊಡಿಸಿ ಕಳುಹಿಸಿದೆ.

ಅದಾಗಿ ಎಷ್ಟೋ ತಿಂಗಳ ಮೇಲೆ ಅವರು ಒಬ್ಬರೇ ದಾವಣಗೆರೆಯ ಭಟ್ಟಿಗೆ ಬಂದರು. ಬೆಂಚು ಝಾಡಿಸಿ ಕೂತರು. ಹೊಗೆ ಎಂದು ಮುಖ ತಿರುಗಿಸಲಿಲ್ಲ. ಅದೂ ಇದೂ ಮಾತಾಡಿ, ಕೊನೆಗೆ ಬೇರೆ ಕಡೆ ನೋಡುತ್ತ, “ಅದು ದೊಡ್ಡೋರಿಗೂ ಮಾಡ್ತಾರೇನಪ್ಪಾ?” ಎಂದರು. “ಓದಾಕ ಕೂತ್ರೆ ಅಕ್ಷರ ಎಲ್ಲ ಕಲಸಿ ಹೋಗ್ತಾವ. ಮೂಗಿನ ಪಕ್ಕ ಒಂದೊಂದ್ಸಲ ಊತ್ಕಂಡು ನೋಯ್ತೈತೆ.”

ಹೌದು, ಅಷ್ಟೂ ವರ್ಷ ಆ ಕಣ್ಣು ಅವರನ್ನು ನೋಯಿಸಿತ್ತು. ನನಗೆ ಪಾಪ ಎನಿಸಿತು, ಸುಳ್ಳಾಡುವುದಿಲ್ಲ. ಕೆಲಸ ಬಿಟ್ಟು ಬೈಕಿನಲ್ಲಿ ಅದೇ ಡಾಕ್ಟರಮ್ಮನಲ್ಲಿಗೆ ಕರೆದೊಯ್ದೆ. ಆಕೆ ನೋಡಿ, ಇದು ಹುಟ್ಟಿನಿಂದ ಕಟ್ಟಿದ ನಾಳವೇ, ಈ ವಯಸ್ಸಿಗೆ ಕಡ್ಡಿ ಹಾಯಿಸಿದರೆ ಸಾಲದು, ಬೇರೆ ಸಣ್ಣ ಆಪರೇಷನ್ ಇದೆ, ಮಾಡಿಸಿಕೊಳ್ಳಿ ಯಜಮಾನರೇ ಎಂದರು. ದೊಡ್ಡಮಾವ ತಲೆಯಾಡಿಸಿ ಒಪ್ಪಿದರು. ನಾನು ದಿನ ಕೇಳಲು ಕೌಂಟರಿಗೆ ಹೋದೆ.

ತಿರುಗಿ ಬಂದರೆ ಅವರ ಪಕ್ಕದಲ್ಲಿ ಸಾರಥಿ ಎಂಬ ಊರಿನಿಂದ ಬಂದ ಅವರ ಪರಿಚಯದ ಗಂಡಹೆಂಡತಿ ಕೂತಿದ್ದಾರೆ. ಆ ಹೆಂಗಸಿನ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ನು. ಆಕೆ ದೊಡ್ಡಮಾವನ ಕೆನ್ನೆ ನೋಡಿ, “ಅಯ್ಯೋ, ನಮ್ಮವ್ವನ ಸುದ್ದಿ ಕೇಳಿ ಬಂದ್ರೇನ್ರಿ? ಅಳಬ್ಯಾಡ್ರಿ ಯಜಮಾನ್ರೇ, ಆಕೀಗೇನೂ ಆಗಂಗಿಲ್ಲ” ಎನ್ನುತ್ತಿದ್ದಳು. ಗಂಡ ಅವರ ಎರಡೂ ಕೈ ಹಿಡಿದುಕೊಂಡಿದ್ದ. “ಸ್ವಂತದೋರು ಬರ್ಲಿಲ್ಲ, ನೀವು ಬಂದ್ರಿ” ಎಂದ.

ದೊಡ್ಡಮಾವ ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಕರ್ಚೀಫು ತೆಗೆದು, “ಕೇಳಿದ್ಮ್ಯಾಲೆ ನನ್ನ ಕರುಳು ತಡೀಲಿಲ್ಲಪ್ಪಾ” ಎಂದರು.

ವಾಪಸು ಬರುವಾಗ ಬೈಕಿನ ಹಿಂದಿನಿಂದ, “ಬ್ಯಾಡ ಬಿಡಪ್ಪಾ ಆ ಆಪರೇಷನ್ನು. ಇಷ್ಟು ದಿನ ಹೆಂಗೋ ನಡೆದೈತೆ” ಎಂದರು. ಅಲ್ಲಿಯವರೆಗೆ ತನ್ನ ಕಣ್ಣಿಗೆ ಏನಾಗಿದೆ ಎಂದು ಅವರಿಗೆ ತಿಳಿದಿರಲಿಲ್ಲ ಎನ್ನಬಹುದಿತ್ತು. ಇನ್ನು ಹಾಗನ್ನಲು ಬರುವಂತಿರಲಿಲ್ಲ. ನೋವಿನ ಕಣ್ಣನ್ನು ಇಟ್ಟುಕೊಂಡಾದರೂ ಸರಿ, ಅದರಿಂದ ಬರುವ ಮರ್ಯಾದೆ ಬಿಡಲಾರೆ ಎನ್ನುವ ಮನುಷ್ಯನನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಬಂದು ಭಟ್ಟಿಗೆ ಬೆಂಕಿ ಹಾಕಿದೆ. ನನ್ನ ‘ಅಯ್ಯೋ ಪಾಪ’ವೂ ಅಲ್ಲಿಗೆ ಉರಿದುಹೋಯಿತು.

ಇದಾಗಿ ಕೆಲವು ವರ್ಷಗಳ ಮೇಲೆ, ಮೊನ್ನೆ, ಅವರು ಎದೆನೋವಿನಿಂದ ತೀರಿಕೊಂಡರು. ಮಣ್ಣಿನ ದಿನ ನಮ್ಮವರ ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಿಗೆ ಹಾರ, ತಲೆಗೆ ಪೇಟ. ಸ್ವಾಮಿಗಳು ಹಣೆಗೆ ವಿಭೂತಿ ಎಳೆದು, ಕೆನ್ನೆಗೂ ಬಳಿಯುತ್ತ ಬೆರಳನ್ನು ಮೂಗಿನ ಪಕ್ಕದಲ್ಲಿ ಒತ್ತಿ ಕೆಳಗಿಳಿಸಿದರು. ಡಾಕ್ಟರಮ್ಮ ನಮಗೆ ಕಲಿಸಿದ್ದರಲ್ಲ, ಸರಿಯಾಗಿ ಆ ಜಾಗ. ಒತ್ತಿದ ಕೂಡಲೇ ಎಡಗಣ್ಣಿನ ಮೂಲೆಯಿಂದ ನೀರು ಉಕ್ಕಿ, ವಿಭೂತಿಯ ಮೇಲೆ ಗೆರೆ ಎಳೆದುಕೊಂಡು ಗಲ್ಲಕ್ಕೆ ಇಳಿಯಿತು.

“ಅಯ್ಯೋ ಶಿವನೇ, ನೋಡ್ರೋ! ಹೋದ್ಮ್ಯಾಲೂ ನಮಗಾಗಿ ಅಳ್ತಾರಲ್ರೋ!” ಎಂದು ಒಬ್ಬಾಕೆ ಕೂಗಿದಳು. ಅಂಗಳವೇ ಗೊಳೋ ಎಂದಿತು. ಕೈ ಮುಗಿದರು, ಕಾಲಿಗೆ ಬಿದ್ದರು. ಫ್ಲೆಕ್ಸಿನ ‘ಕರುಣಾಮಯಿ’ ಹುಟ್ಟಿದ್ದು ಆ ಗಳಿಗೆಯಲ್ಲಿ. ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೋಡಿದವರು ಅದನ್ನು ಅಳು ಎಂದೇ ತಿಳಿದರು.

ನನ್ನ ಮಗಳು ಈಗ ಎರಡನೇ ಕ್ಲಾಸು. ದೊಡ್ಡಜ್ಜ ಅವಳಿಗೆ ಜೇಬಿನಿಂದ ಪೆಪ್ಪರಮೆಂಟು ತೆಗೆದುಕೊಡುತ್ತಿದ್ದುದು ನಿಜ. ಅದನ್ನು ಬರೆಯದಿದ್ದರೆ ನಾನೂ ಆ ಫ್ಲೆಕ್ಸ್ ಬರೆಸಿದವರ ಹಾಗಾದೇನು. ಮಣ್ಣಿನ ದಿನ ಅವಳು ಜನರ ಕಾಲ ಸಂದಿಯಲ್ಲಿ ನುಸುಳಿ ಮುಂದೆ ಹೋಗಿ, ಅವರ ಅಂಗಿಯ ಬರಿ ಜೇಬನ್ನು ನೋಡಿದಳು. ತಿರುಗಿ ಬಂದು ನನ್ನ ಸೊಂಟ ತಬ್ಬಿಕೊಂಡು ಅಳತೊಡಗಿದಳು.

ಆ ಅಳುವಿಗೆ ಆ ಮನುಷ್ಯ ಯೋಗ್ಯನಲ್ಲ ಎಂದು ನನಗೆ ಅನಿಸಿತು, ಈಗಲೂ ಅನಿಸುತ್ತದೆ. ಆದರೂ ಅವಳ ಮುಖ ಎತ್ತಿ ನೋಡಿದೆ. ಎರಡೂ ಕಣ್ಣಿನಿಂದ ಸಮನಾಗಿ ಇಳಿಯುತ್ತಿತ್ತು, ಮೂಗೂ ಸೋರುತ್ತಿತ್ತು. ನನ್ನ ಅಂಗಿಯ ತುದಿಯಿಂದ ಒರೆಸಿದೆ. ಒರೆಸಿದ ಮೇಲೆ ನಿಂತಿತು.